ಅತ್ತೆಯೇ ವೃತ್ತಕೇಂದ್ರ

"ರೇಖಾಗಣಿತವನ್ನ ಐದೇ ನಿಮಿಷದಲ್ಲಿ ಯಾರ ತಲೆಗೆ ಬೇಕಾದ್ರೂ ಇಳಿಸಬಲ್ಲೆ!" ಎಂದು ಘೋಷಿಸಿದಾಗ ನನ್ನ ಎದೆ ಎರಡಿಂಚು ಉಬ್ಬಿತ್ತು. ಜುಟ್ಫೆನ್ ಊರಿನ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಗಣಿತ ಕಲಿಸುತ್ತಿರುವ ಮಹಾಶಯ ನಾನು! ಆದರೆ ಬೇರೆ ಹೈಸ್ಕೂಲಿನಲ್ಲಿ ಮೊದಲ ವರ್ಷ ಓದುವ ನನ್ನ ಸ್ವಂತ ಮಗಳು ಫೆನ್ನಾ ವೃತ್ತದ ಪರೀಕ್ಷೆಯಲ್ಲಿ ಹತ್ತಕ್ಕೆ ಮೂರು ತಂದಿದ್ದಳು. ಸೋಮವಾರ ಮರುಪರೀಕ್ಷೆ. ವಾರದಿಂದ ಮಗು ನಕ್ಕಿರಲಿಲ್ಲ. "ನಾನು ದಡ್ಡಿ ಅಪ್ಪಾ, ಬಿಟ್ಬಿಡು" ಅಂದಿದ್ದಳು.

ಅದು ಶನಿವಾರ, ನನ್ನ ಹೆಂಡತಿ ಹಿಸ್ಕೆಯ ಹುಟ್ಟುಹಬ್ಬ. ನಮ್ಮ ಕಡೆ ಹುಟ್ಟುಹಬ್ಬ ಅಂದಮೇಲೆ ನಡುಮನೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಲೇಬೇಕು. ನೆಂಟರು ಸುತ್ತ ಕೂತು ಕಾಫಿಯ ಜೊತೆ ತಲಾ ಒಂದೇ ಒಂದು ತುಂಡು ಕೇಕ್ ತಿನ್ನಲೇಬೇಕು. ನನ್ನ ತಲೆಯಲ್ಲಿ ಮಿಂಚು ಹೊಳೆಯಿತು.

"ಫೆನ್ನಾ, ಕುರ್ಚಿ ತಾ! ಇವತ್ತು ನಿಜವಾದ ವೃತ್ತ ಎಳೆಯೋಣ!"

"ಪ್ರತಿ ವರ್ಷ ಕಣ್ಣಳತೆಯಲ್ಲೇ ಹಾಕ್ತೀವಲ್ಲ ಗೆರ್ಲೊಫ್" ಎಂದಳು ಹಿಸ್ಕೆ.

"ಅದಕ್ಕೇ ಪ್ರತಿ ವರ್ಷ ಆಲೂಗಡ್ಡೆ ಆಕಾರ ಬರೋದು!"

ಕೈವಾರಕ್ಕೆ ಮೊನೆ ಬೇಕಲ್ಲ? ಎಂದಿನಂತೆ ಎಲ್ಲರಿಗಿಂತ ಮುಂಚೆ ಬಂದಿದ್ದ ನನ್ನ ಅತ್ತೆ ಆಲ್ತ್ಯೆಯವರನ್ನು ನಟ್ಟನಡುವೆ ಕೂರಿಸಿದೆ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಅವರ ಕುರ್ಚಿಯ ಬೆನ್ನಿಗೆ ಬಿಗಿದೆ.

"ಅತ್ತೆ, ಈಗ ನೀವೇ ವೃತ್ತಕೇಂದ್ರ. ಅಲ್ಲಾಡಬೇಡಿ."

"ನಲವತ್ತು ವರ್ಷದಿಂದ ಈ ಸಂಸಾರದ ಕೇಂದ್ರ ನಾನೇ ಕಣಪ್ಪ. ಕಾಫಿ ಯಾವಾಗ?"

"ನೋಡು ಮಗಳೇ, ಈ ಹಗ್ಗವೇ ತ್ರಿಜ್ಯ. ಬಿಗಿಯಾಗಿ ಎಳೆದು ನಾನು ನಿಂತಲ್ಲೆಲ್ಲ ಒಂದೊಂದು ಕುರ್ಚಿ ಇಡು."

ಹಗ್ಗದ ಇನ್ನೊಂದು ತುದಿ ಹಿಡಿದು, ಮಗಳ ಮುಖವನ್ನೇ ನೋಡುತ್ತಾ, ಗಂಭೀರವಾಗಿ ಪ್ರದಕ್ಷಿಣೆ ಹೊರಟೆ. ಕುರ್ಚಿಗಳು ಒಂದರ ಪಕ್ಕ ಒಂದು ಬಂದವು. ಅತ್ತೆ ಎರಡು ಸಲ ಕೆಮ್ಮಿದರು. "ಕೇಂದ್ರ ಮಾತಾಡೋ ಹಾಗಿಲ್ಲ!" ಎಂದು ಗದರಿದೆ.

ಹತ್ತನೇ ಕುರ್ಚಿಗೆ ಬಂದಾಗ ನನ್ನ ಮೊಣಕಾಲು ಅತ್ತೆಯ ಮೊಣಕಾಲಿಗೆ ತಾಗಿತು! ಎರಡೂವರೆ ಮೀಟರ್ ಹಗ್ಗವೆಲ್ಲ ಅವರಿಗೇ ಸುತ್ತಿಕೊಂಡಿತ್ತು, ಕೈಗಳ ಸಮೇತ! ಮೊದಲ ಕುರ್ಚಿ ಕಿಟಕಿಯ ಹತ್ತಿರ, ಕೊನೆಯದು ಅತ್ತೆಯ ಮಡಿಲ ಹತ್ತಿರ. ಗಾಬರಿಯಲ್ಲಿ ಹಗ್ಗ ಬಿಡದೆಯೇ ಹಿಂದೆ ಸರಿದು ಆ ಕುರ್ಚಿಯ ಮೇಲೆ ದೊಪ್ಪನೆ ಕೂತೆ. ಮೇಜು ಆಚೆ ಹಾಕಿದ್ದರಿಂದ ಹಿಸ್ಕೆ ಕೆನೆ ತುಂಬಿದ ಕೇಕನ್ನು ಆಗಷ್ಟೇ ಆ ಕುರ್ಚಿಯ ಮೇಲಿಟ್ಟಿದ್ದಳು.

ಅಷ್ಟರಲ್ಲಿ ಕರೆಗಂಟೆ! ನಮ್ಮ ನೆಂಟರು ಏನೇ ಕಂಡರೂ ಮನೆಮಂದಿಗೆಲ್ಲ ಅಭಿನಂದನೆ ಹೇಳುವ ಪದ್ಧತಿ ತಪ್ಪುವವರಲ್ಲ. "ಮಗಳ ಹುಟ್ಟುಹಬ್ಬಕ್ಕೆ ಅಭಿನಂದನೆ, ಆಲ್ತ್ಯೆ!" ಎಂದು ಹಗ್ಗದ ಸಂದಿಯಲ್ಲಿ ಕಂಡ ಎರಡು ಬೆರಳುಗಳನ್ನೇ ಸಾಲಾಗಿ ಕುಲುಕಿದರು. "ಹೆಂಡತಿಯ ಹುಟ್ಟುಹಬ್ಬಕ್ಕೆ ಅಭಿನಂದನೆ, ಗೆರ್ಲೊಫ್!" ನಾನು ಕೂತೇ ಕೈ ಕೊಟ್ಟೆ. ಏಳುವ ಹಾಗಿರಲಿಲ್ಲ.

"ಕೇಕ್ ಎಲ್ಲಿ?" ಎಂದರು ಒಬ್ಬರು.

"ಗಣಿತದ ಮೇಷ್ಟ್ರ ಕೆಳಗಿದೆ" ಎಂದಳು ಹಿಸ್ಕೆ.

ಫೆನ್ನಾ ನಕ್ಕಳು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಪ್ಪಾ! ಹಗ್ಗ ಅಜ್ಜಿಗೆ ಸುತ್ಕೊಂಡು ಗಿಡ್ಡ ಆಗ್ತಾ ಬಂತು! ವೃತ್ತ ಅಂದ್ರೆ ನಡುವಿನಿಂದ ಎಲ್ಲಾ ಕಡೆಗೂ ಒಂದೇ ಉದ್ದ ಇರ್ಬೇಕು, ಅಲ್ವಾ? ಅಷ್ಟೇನಾ?"

"ಅಷ್ಟೇ ಮಗಳೇ" ಎಂದೆ.

ಅವಳು ಹಗ್ಗ ಬಿಚ್ಚಿ, ತುದಿಯನ್ನು ಅಜ್ಜಿಯ ಕೈಗೆ ಕೊಟ್ಟು, "ತಲೆ ಮೇಲೆ ಎತ್ತಿ ಹಿಡ್ಕೋ ಅಜ್ಜಿ, ಸುತ್ಕೊಳ್ಳಲ್ಲ" ಎಂದಳು. ಐದೇ ನಿಮಿಷದಲ್ಲಿ ಎಲ್ಲರೂ ಅಚ್ಚುಕಟ್ಟಾದ ವೃತ್ತದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು.

ಗುರುವಾರ ಉತ್ತರಪತ್ರಿಕೆ ಬಂತು. ಹತ್ತಕ್ಕೆ ಎಂಟು! 'ವೃತ್ತ ಎಂದರೇನು?' ಎಂಬ ಪ್ರಶ್ನೆಗೆ ಫೆನ್ನಾ ಬರೆದಿದ್ದಳು: 'ಅಜ್ಜಿಯಿಂದ ಒಂದೇ ದೂರದಲ್ಲಿ ಕೂತವರೆಲ್ಲ ಸೇರಿದರೆ ವೃತ್ತ. ನಮ್ಮಪ್ಪನನ್ನು ಬಿಟ್ಟು.'

ಕೆಳಗೆ ಅವಳ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಸರಿ. ನಿಮ್ಮ ತಂದೆಗೆ ಗಣಿತ ಕಷ್ಟವಾಗುತ್ತಿದ್ದರೆ ಬುಧವಾರ ಮಧ್ಯಾಹ್ನ ವಿಶೇಷ ತರಗತಿ ಇದೆ.'

ಫೆನ್ನಾ ಆಗಲೇ ನನ್ನ ಹೆಸರು ಕೊಟ್ಟು ಬಂದಿದ್ದಳು.