ಗೆದ್ದ ಗಾಡಿ, ಹೊದ್ದ ಶಾಲು

ನಮ್ಮ ಮನಿಯಾಗ ಹಿಂತಾವು ಆಗಕೋತಽ ಇರತಾವು. ಆಗೂ ಹೊತ್ತಿನ್ಯಾಗ ನನಗ ಸಿಟ್ಟು ಬರತೈತಿ. ನಗಿ ಆಮ್ಯಾಲೆ, ಸೀರಿಗೆ ಫಾಲ್ ಹಚ್ಚಕೋತ ಒಬ್ಬಾಕಿನಽ ಕುಂತಾಗ ಬರತೈತಿ.

ನಮ್ಮ ಮನಿಯವರು ಬಾಡಿ ಬಿಲ್ಡರ್. ಹಗಲೆಲ್ಲಾ ಆಟೋ ನಗರದಾಗ ಗಾಡಿ ರಿಪೇರಿ, ಮುಂಜಾನಿ ಸಂಜಿಕ ಜಿಮ್. ರಾಮತೀರ್ಥ ನಗರದಾಗ ನಮ್ಮ ಮನಿ ಕೇಳಿದ್ರ ಸಣ್ಣ ಹುಡುಗರೂ ತೋಳು ಮಡಚಿ ತೋರಿಸಿ 'ಅವರ ಮನ್ಯೇನ್ರಿ' ಅಂತಾವು. ನಮ್ಮ ಅತ್ತಿ ಲಿಂಗಪೂಜಾ ಮಾಡಾಕಿ, ಮನಿಯಾಗ ತತ್ತಿ ಅನ್ನೂ ಹೆಸರು ಸೈತ ಎತ್ತಂಗಿಲ್ಲ. ಮಗ ಮಾಳಗಿ ಮ್ಯಾಲೆ ಕುಂತು ತತ್ತಿ ಸುಲಕೊಂಡು ತಿನ್ನಾಗ ಬಾಜು ಮನಿಯವರು ಕೇಳಿದ್ರ, 'ಬಿಳಿ ಬಟಾಟಿ ರೀ, ಡಾಕ್ಟರು ಹೇಳ್ಯಾರ' ಅಂತಾಳ.

ಇಷ್ಟ ದೊಡ್ಡ ಮನಷಾಗ ಒಂದು ಮಾತು ಮಾತ್ರ ಬರೂದಿಲ್ಲ. 'ಬ್ಯಾಡ' ಅನ್ನೂದು. ಯಾರು ಏನ ಹೇಳಿದ್ರೂ 'ಆತ ಬಿಡ್ರಿ' ಅಂತಾರ. ಇದನ್ನ ಸ್ಪರ್ಧಾ ನಡಸಾವರೊಬ್ಬರು ಚಲೋ ತಿಳಕೊಂಡಾರ. ಅವರು ಯಾವ ಸಂಘದ ಅಧ್ಯಕ್ಷರು ಅಂತ ಖರೇ ಹೇಳಬೇಕಂದ್ರ ಯಾರಿಗೂ ಗೊತ್ತಿಲ್ಲ, ಆದ್ರೂ ಎಲ್ಲಾರೂ ಅಧ್ಯಕ್ಷರಂತಽ ಕರೀತಾರ. ಈ ಕಡೆ ಸ್ಪರ್ಧಾ ಅಂದ್ರ ಪೆಂಡಾಲು ಅವರದು, ಮೈಕು ಅವರದು. ಅವರನ್ನ ಬಿಟ್ರ ನಮ್ಮವರಿಗೆ ನಿಂದರಾಕ ಬ್ಯಾರೆ ಸ್ಟೇಜ್ ಇಲ್ಲ.

ಸತ್ಕಾರ

ಮದಿವಿ ಆದ ಹೊಸದು. ಮಿಲಿಟರಿ ಕ್ಯಾಂಪಿನ ಬಾಜು ಮೈದಾನದಾಗ ಸ್ಪರ್ಧಾ ಇತ್ತು. ಸ್ಪರ್ಧಾ ಹತ್ರ ಬಂತಂದ್ರ ಇವರು ಉಪ್ಪು ಬಿಡತಾರ, ಕಡೀಕ ನೀರೂ ಬಿಡತಾರ. ಚರ್ಮ ಬಿಗದು ನರ ಎದ್ದು ಕಾಣಬೇಕಂತ.

ಅಧ್ಯಕ್ಷರು ಫೋನ್ ಮಾಡಿ, ಅರ್ಧಾ ಮರಾಠಿ ಅರ್ಧಾ ಕನ್ನಡದಾಗ, 'ಬಹುಮಾನದ್ದು ಮುಂದ ನೋಡೂಣು, ಆದ್ರ ನಿಮ್ಮ ಸತ್ಕಾರ ಮಾತ್ರ ಜೋರ ಮಾಡತೀವಿ, ಬರ್ರಿ' ಅಂದ್ರು.

ನಮ್ಮವರು ಸವದತ್ತಿ ಕಡಿ ಹಳ್ಯಾಗ ಬೆಳದಾವರು. ಅಲ್ಲೆ ಸತ್ಕಾರ ಅಂದ್ರ ಊಟ. ಹೋಳಿಗಿ, ತುಪ್ಪ, ಸಾಕು ಅಂದ್ರೂ ಬಿಡದ ಬಡಸೂದು. ನಾನು ಖಾನಾಪುರದಾಕಿ, ನಮ್ಮ ಓಣ್ಯಾಗ ಅರ್ಧಕ್ಕರ್ಧ ಮರಾಠಿ ಮಂದಿ. ಇಲ್ಲೆ ಸತ್ಕಾರ ಅಂದ್ರ ಶಾಲು ಹೊದಿಸಿ ಕೈಯಾಗ ಕಾಯಿ ಕೊಡೂದು ಅಂತ ನನಗ ಗೊತ್ತಿತ್ತು. ಆದ್ರ 'ಸ್ಪರ್ಧಾ ಮುಗದ ಕೂಡಲೇ ಸತ್ಕಾರ ಐತಂತ' ಅಂತ ಅವರು ಹಿಗ್ಗಿ ಹೇಳೂದು ನೋಡಿ ನನಗ ಬಾಯಿ ಬರಲಿಲ್ಲ.

ಸ್ಪರ್ಧಾ ಮುಗೀತು. ಶಾಲು ಹೊದಿಸಿದ್ರು, ಪೇಟಾ ಇಟ್ಟರು, ಕಾಯಿ ಕೊಟ್ಟರು, ಚಪ್ಪಾಳಿ ಹೊಡದ್ರು. ಇವರು ಕೈ ಮುಗದು ಅಲ್ಲೇ ನಿಂತರು, ಊಟದ ತಾಟು ಎಲ್ಲಿಂದ ಬರತೈತಿ ಅಂತ ಅತ್ತಾಗ ಇತ್ತಾಗ ನೋಡಕೋತ. ಯಾವಾಗ ದೀಪ ಆರಿಸಾಕ ಹತ್ತಿದ್ರೋ ಆವಾಗ ತಿಳೀತು. ಸ್ಟೇಜಿನ ಹಿಂದ ಬಂದು ಕಾಯಿ ಕಲ್ಲಿಗೆ ಒಡದು, ನೀರು ಕುಡದು, ಕೊಬ್ಬರಿ ಒಂದು ಚೂರು ಬಿಡದ ತಿಂದ್ರು. ಆಮ್ಯಾಲೆ ಬಾಜು ನಿಂತಿದ್ದ ಇನ್ನೊಬ್ಬ ಬಾಡಿ ಬಿಲ್ಡರಗ ಮೆಲ್ಲಕ ಕೇಳಿದ್ರು:

'ಅಣ್ಣಾ, ನಿನ್ನ ಸತ್ಕಾರ ನೀ ತಿಂತೀಯೇನು, ಇಲ್ಲಾ ನಾ ತಿನ್ನಲ್ಯಾ?'

ವಾರ್ಮ್ ಅಪ್

ಸ್ಟೇಜಿಗೆ ಹೋಗೂಕಿಂತ ಮೊದಲ ಮೈ ಬಿಸಿ ಮಾಡಕೋಬೇಕು. ಅದಕ್ಕ ಡಂಬೆಲ್ಸ್ ಇಡೂದು ಸ್ಪರ್ಧಾ ನಡಸಾವರ ಕೆಲಸ. ಒಂದು ಸಲ ಎಲ್ಲಾರನೂ ಮುಂಜಾನಿನಽ ಕರದು, ಅಧ್ಯಕ್ಷರು ಟೆಂಪೋ ತೋರಿಸಿದ್ರು. ಅದರ ತುಂಬ ಸ್ಪೀಕರು, ಖುರ್ಚಿ, ಕಬ್ಬಿಣದ ಕಂಬ.

'ಇವನ್ನ ಇಳಸ್ರಿ. ಇದಽ ನಿಮ್ಮ ವಾರ್ಮ್ ಅಪ್.'

'ಆತ ಬಿಡ್ರಿ' ಅಂದು ನಮ್ಮವರು ಎರಡು ಕೈಯಾಗ ಎರಡು ಸ್ಪೀಕರು ಎತಗೊಂಡು ನಡದ್ರು. ಪೆಂಡಾಲ ಹಾಕಾವ ಮುದಕಪ್ಪ ಇವರ ಕೆಲಸ ನೋಡಿ ಖುಷಿಯಾಗಿ, 'ತಮ್ಮಾ, ಇಂಥಾ ಹಮಾಲಿ ಮಂದಿ ನನಗ ಸಿಗವಲ್ರು. ಈ ಅಧ್ಯಕ್ಷ ನಿಮಗ ಏನ ಕೊಡತಾನು?' ಅಂತ ಕೇಳಿದ.

'ಏನಿಲ್ಲ ರೀ ಅಜ್ಜಾ. ಪ್ರವೇಶ ಶುಲ್ಕ ಅಂತ ನಾವಽ ಕೊಟ್ಟು ಬಂದೀವಿ.'

ಮುದಕಪ್ಪ ತನ್ನ ಕೈಯಾಗಿನ ಚಾ ಇವರ ಕೈಯಾಗ ಇಟ್ಟ. 'ಮೈಗೆ ಹಾಕಿದ್ದರಾಗ ಸ್ವಲ್ಪ ತಲಿಗೂ ಹಾಕೋಬೇಕಿತ್ತು, ಪಾಪ' ಅಂದ.

ಬಹುಮಾನದ ಗಾಡಿ

ಮುಂದ ಒಂದು ಸ್ಪರ್ಧಾದಾಗ ಗೆದ್ದಾವರಿಗೆ ಬೈಕ್ ಇಟ್ಟಿದ್ರು. ಕೆಂಪು ಗಾಡಿ, ರಿಬ್ಬನ್ ಕಟ್ಟಿ ಸ್ಟೇಜಿನ ಮ್ಯಾಲಽ ನಿಂದ್ರಿಸಿದ್ರು. ಗೆದ್ದಾವರು ನಮ್ಮವರು. ಕೀಲಿ ಕೈಯಾಗ ಕೊಟ್ಟು ಫೋಟೋ ತಗದ್ರು. ನಾನು ಅಲ್ಲಿಂದಽ ಖಾನಾಪುರಕ್ಕ ನಮ್ಮವ್ವಗ ಫೋನ್ ಹಚ್ಚಿ, 'ಯವ್ವಾ, ಇನ್ಮ್ಯಾಲೆ ಬಸ್ಸಿಗೆ ಬರೂದಿಲ್ಲ, ನಮ್ಮ ಗಾಡಿ ಮ್ಯಾಲೆ ಬರತೀವಿ' ಅಂದೆ. ನಮ್ಮವ್ವ ಓಣ್ಯಾಗ ಡಂಗುರಾ ಸಾರಿ ಬಂದ್ಲು.

ಸ್ಟೇಜಿನಿಂದ ಕೆಳಗ ಇಳದ್ರೋ ಇಲ್ಲೋ, ಅಧ್ಯಕ್ಷರ ಮನಷಾ ಬಂದು ಕೀಲಿ ಇಸಕೊಂಡ. 'ಕಾಗದಪತ್ರ ಆಗಬೇಕು, ಆಮ್ಯಾಲೆ ಕೊಡತೀವಿ.' ಇವರು 'ಆತ ಬಿಡ್ರಿ' ಅಂದ್ರು. ಮುಂದಿನ ಸ್ಪರ್ಧಾಕ್ಕೂ ಅದಽ ಗಾಡಿ ಬಂತು, ಬರೇ ರಿಬ್ಬನ್ ಹೊಸದು. ಅದನ್ನೂ ಇವರಽ ಗೆದ್ದರು, ಕೀಲಿ ಮತ್ತ ಹೋತು. ಖಾನಾಪುರದಾಗ ಬಸ್ಸಿನಿಂದ ಇಳದಾಗೊಮ್ಮೆ ಓಣಿ ಮಂದಿ 'ಗಾಡಿ ಎಲ್ಲೈತಿ?' ಅಂತ ಕೇಳೂದು, ನಮ್ಮವ್ವ ಸೆರಗಿನಿಂದ ಸುಮ್ಮಸುಮ್ಮನ ಮಾರಿ ಒರಸಿಕೊಳ್ಳೂದು. ನನಗ ಭಾಳ ಕೆಟ್ಟ ಅನಸ್ತಿತ್ತು. ಆ ಗಾಡಿ ಮ್ಯಾಲೆ ಕುಂತು ಒಂದು ಸಲರೆ ತವರಮನಿ ಮುಂದ ಇಳೀಬೇಕು ಅಂತ ಹಠಕ್ಕ ಬಿದ್ದೆ.

ಒಂದಿನ ಮಧ್ಯಾಹ್ನ ಮನಿ ಮುಂದ ಹಾರ್ನ್ ಆತು. ನೋಡತೀನಿ, ನಮ್ಮವರು ಅದಽ ಕೆಂಪು ಗಾಡಿ ಮ್ಯಾಲೆ ಕುಂತಾರ. ನಾನು ಓಡಿ ಹೊರಗ ಬಂದೆ.

'ಕೊಟ್ಟರೇನ್ರಿ?'

'ಇಲ್ಲ, ಬ್ರೇಕ್ ಹಿಡಿಯವಲ್ದಂತ ನಮ್ಮ ಗ್ಯಾರೇಜಿಗೆ ಸರ್ವಿಸಿಂಗಿಗೆ ಬಿಟ್ಟಾರ. ಟ್ರಾಯಲ್ ನೋಡಾಕ ತಂದೀನಿ. ನೋಡು, ನಮ್ಮ ಗಾಡಿ.'

'ಹಂಗಾರ ನಾನೂ ಕುಂದರತೀನಿ' ಅಂದ್ರ, 'ಬ್ಯಾರೆಯವರ ಗಾಡಿ, ಹಂಗ ಅಡ್ಡಾಡಸಬಾರದು' ಅಂದ್ರು. ನನ್ನ ಮುಂದ ಮಾತ್ರ ಅವರಿಗೆ ಆವಾಗ 'ಬ್ಯಾಡ' ಅನ್ನಾಕ ಬಂತು ನೋಡ್ರಿ. ಆಮ್ಯಾಲೆ ನಮ್ಮ ನಳದ ಮುಂದಽ ನಿಂದ್ರಿಸಿ, ಸಾಬಾಣ ಹಚ್ಚಿ, ತಿಕ್ಕಿ ತಿಕ್ಕಿ ತೊಳದ್ರು. ಯಾಕ್ರಿ ಇಷ್ಟು ಸೇವಾ ಅಂದೆ.

'ನಮ್ಮ ಗಾಡಿ ಅಲ್ಲೇನ, ಹೊಲಸ ಹ್ಯಾಂಗ ಕಳಸೂದು?'

ಶಾಲು ಕಮ್ಮಿ ಬಿದ್ದಾವು

ಗಾಡಿ ಬರದಿದ್ರೂ ಶಾಲು ಬರೂದು ತಪ್ಪಲಿಲ್ಲ. ಮಿಕ್ಸರಿಗೆ ಶಾಲು, ಟೀವಿಗೆ ಶಾಲು, ನನ್ನ ಹೊಲಿಗಿ ಮಷೀನಿಗೆ ಜರಿ ಅಂಚಿನ ಶಾಲು. ಆದ್ರೂ ಕಪಾಟು ತುಂಬಿ ಬಾಗಲಾ ಹಾಕಾಕ ಬರವಲ್ದು.

ಖಾನಾಪುರದಾಗ ಸ್ಪರ್ಧಾ ಐತಿ ಅಂತ ಗೊತ್ತಾದ ವಾರ ಅಧ್ಯಕ್ಷರ ಫೋನ್ ಬಂತು. ನಮ್ಮವರ ಕೈ ಎಣ್ಣಿ ಆಗಿತ್ತು, ಅದಕ್ಕ ಸ್ಪೀಕರ್ ಹಾಕಿದ್ರು.

'ಸತ್ಕಾರಕ್ಕ ಶಾಲು ಕಮ್ಮಿ ಬಿದ್ದಾವು. ನಿಮ್ಮನ್ಯಾಗ ಇರತಾವಲ್ಲ, ಬರೂ ಮುಂದ ತಗೊಂಡ ಬರ್ರಿ.'

'ಆತ ಬಿಡ್ರಿ.'

ನಾನು ಕತ್ತರಿ ಕೆಳಗ ಒಗದೆ. ನಮ್ಮ ಅತ್ತಿ ಜಪದ ಸರ ಹಂಗಽ ಹಿಡಕೊಂಡು ಹೊರಗ ಬಂದು ಮಗನ್ನ ಮ್ಯಾಲಿಂದ ಕೆಳಗ ನೋಡಿದ್ಲು. 'ತನ್ನ ಶಾಲು ತಾನಽ ಹೊತಗೊಂಡು ಹೋಗಿ, ಸತ್ಕಾರ ಮಾಡಿಸಿಕೊಂಡು ಬರಾಂವ ನನ್ನ ಮಗ ಒಬ್ಬಾಂವಽ ಇರಬೇಕು' ಅಂದ್ಲು. ಅಂದು, ಒಳಗ ಹೋಗಿ ಟೀವಿ ಮ್ಯಾಲಿನ ಶಾಲೂ ತಗದು ತಂದು ನನ್ನ ಚೀಲದಾಗ ತುರುಕಿದ್ಲು. 'ಧೂಳು ಝಾಡಿಸಿ ಕೊಡವಾ, ನಮ್ಮ ಮನಿತನದ ಮರ್ಯಾದಿ.'

ಖಾನಾಪುರ

ಶಾಲಿನ ಚೀಲಾ ಹೊತಗೊಂಡು ನಾನೂ ಜೋಡಿ ಹೋದೆ. ಮಧ್ಯಾಹ್ನ ಬರಬೇಕಾದ ಮುಖ್ಯ ಅತಿಥಿ ಹೊತ್ತು ಇಳಿದ್ರೂ ಬರಲಿಲ್ಲ. ಚಳಿಗಾಲ, ಅಡವಿ ಕಡಿಂದ ಥಂಡಿ ಗಾಳಿ ಬೀಸಾಕತ್ತಿತ್ತು. ಸ್ಟೇಜಿನ ಹಿಂದ ಆರು ಮಂದಿ, ಮೈಗೆ ಬಣ್ಣ ಎಣ್ಣಿ ಹಚಗೊಂಡು, ನಾ ಬ್ಲೌಸ್ ಪೀಸಿನ್ಯಾಗ ಹೊಲದು ಕೊಟ್ಟ ಅಂಗೈಯಷ್ಟು ಚಡ್ಡಿ ಮ್ಯಾಲೆ ನಿಂತು ಗಡಗಡ ನಡಗಾಕತ್ತಿದ್ರು. ಕುಡಿಯಾಕ ನೀರಿಲ್ಲ, ತಿನ್ನಾಕ ಬಾಳಿಹಣ್ಣಿಲ್ಲ. ಚೀಲಾ ಬಿಚ್ಚಿ ಒಬ್ಬೊಬ್ಬರಿಗೆ ಮೂರು ಮೂರು ಶಾಲು ಸುತ್ತಿದೆ.

ಅಷ್ಟೊತ್ತಿಗೆ ಅತಿಥಿ ಬಂದ್ರಂತ ಗದ್ದಲಾತು. ಅಧ್ಯಕ್ಷರು ಓಡಿ ಬಂದು ಎಲ್ಲಾರನೂ ಹಂಗಽ ಸ್ಟೇಜಿಗೆ ನೂಕಿದ್ರು. ಅಲ್ಲೆ ಅದಽ ಕೆಂಪು ಗಾಡಿ, ಮತ್ತೊಂದು ಹೊಸ ರಿಬ್ಬನ್. ಮುಂದಿನ ಸಾಲಿನ್ಯಾಗ ಓಣಿ ಮಂದಿ ಜೋಡಿ ನಮ್ಮವ್ವ ಕುಂತಿದ್ಲು. ಮ್ಯಾಲೆ ಎದ್ದು ನಿಂತು, ಎಲ್ಲಾರಿಗೂ ಕೇಳೂವಂಗ, 'ಅಳಿಯಂದ್ರ, ಇದಽ ಅಲ್ಲೇನ್ರಿ ನೀವು ಗೆದ್ದ ಗಾಡಿ?' ಅಂದ್ಲು.

ನಮ್ಮವರು ಗಾಡಿ ನೋಡಿದ್ರು, ಅವ್ವನ್ನ ನೋಡಿದ್ರು, ನನ್ನ ನೋಡಿದ್ರು.

'ಶಾಲು ತಗೀರಿ, ಪೋಜ್ ಕೊಡ್ರಿ' ಅಂದ್ರು ಅಧ್ಯಕ್ಷರು.

'ಬ್ಯಾಡ್ರಿ.'

ಮೆಲ್ಲಕಽ ಅಂದ್ರು. ಆದ್ರ ಮೈಕು ಬಾಜುಕಽ ಇತ್ತು, ಖಾನಾಪುರಕ್ಕೆಲ್ಲಾ ಕೇಳಿಸ್ತು. 'ನಿಮ್ಮ ಕಡಿಂದ ನಮಗ ಸಿಕ್ಕಿದ್ದು ಶಾಲು. ಶಾಲೂನಽ ತೋರಸ್ತೀವಿ. ಗಾಡಿ ಕೊಟ್ಟರ ಮೈ ತೋರಸ್ತೀವಿ.' ಉಳಿದ ಐದೂ ಮಂದಿ ಶಾಲು ಗದ್ದದ ತನಾ ಎಳಕೊಂಡ್ರು. ಹಂಗಽ, ಶಾಲಿನೊಳಗಽ, ಒಂದಾದ ಮ್ಯಾಲೊಂದು ಪೋಜ್ ಕೊಟ್ಟರು. ಹೊರಗ ಏನೂ ಕಾಣವಲ್ದು, ಗಾದಿ ಸುರುಳಿ ಹೊಳ್ಳಿ ಹೊಳ್ಳಿ ನಿಂತಂಗ. ಮಂದಿ ಬಿದ್ದು ಬಿದ್ದು ನಗಾಕತ್ರು.

ಅತಿಥಿಗೆ ಇದ್ಯಾವುದೂ ತಿಳೀಲಿಲ್ಲ. ಶಾಲು ಹೊದ್ದು ಸಾಲಾಗಿ ನಿಂತಾವರನ್ನ ಕಂಡು, ಸತ್ಕಾರ ನಡದೈತಿ ಅಂತ ರೂಢಿ ಮ್ಯಾಲೆ ಎದ್ದು ಬಂದು ಎಲ್ಲಾರಿಗೂ ಇನ್ನೊಂದೊಂದು ಶಾಲು ಹೊದಿಸಿಬಿಟ್ಟರು. ಆಮ್ಯಾಲೆ ಸಂಗತಿ ಕೇಳಿ, ಅಧ್ಯಕ್ಷರ ಕಡೆ ತಿರುಗಿ, 'ಗೆದ್ದಾರಂದ್ರ ಕೊಡ್ರಿ ಮತ್ತ. ಕಾಗದಪತ್ರ ನಾಳಿಗೆ ಕಳಸ್ರಿ, ನಾನಽ ಕೇಳತೀನಿ' ಅಂತ ಮೈಕಿನ್ಯಾಗಽ ಹೇಳಿದ್ರು. ಅಧ್ಯಕ್ಷರ ಮಾರಿ ಸಪ್ಪಗಾತು. ಕೀಲಿ ಬಂತು. ಶಾಲು ಕಳಚಿದ್ರು, ಸ್ಪರ್ಧಾ ಆತು. ಆವತ್ತು ಗೆದ್ದಾವರು ಬ್ಯಾರೆಯವರು, ಅದರ ಬಗ್ಗೆ ನಮ್ಮವರಿಗೆ ಬ್ಯಾಸರಿಲ್ಲ.

ನಾನು ಸೀರಿ ಸರಿ ಮಾಡಕೊಂಡು ಗಾಡಿ ಮ್ಯಾಲೆ ಕುಂತೆ. ನಮ್ಮವರು ಕಿಕ್ ಹೊಡದ್ರು, ಹೊಡದ್ರು. ಟಾಕಿ ಮುಚ್ಚಳ ತಗದು ನೋಡಿದ್ರ ಪೆಟ್ರೋಲಿನ ವಾಸನಿ ಸೈತ ಇಲ್ಲ. ನಾನು ಇಳಿಯಾಕ ಹೋದೆ.

'ಇಳೀಬ್ಯಾಡ, ಕುಂದರು' ಅಂದ್ರು. ಅವರ ಬಾಯಾಗ ಅವತ್ತಿನ ಎರಡನೇ 'ಬ್ಯಾಡ'. ನನ್ನ ಕಣ್ಣು ತುಂಬಿ ಬಂದ್ವು.

ಹಿಂಗ ನಾನು ತವರಮನಿಗೆ ಗಾಡಿ ಮ್ಯಾಲೆ ಹೋದೆ. ಮತ್ತ ಶಾಲು ಹೊದ್ದ ಆರು ಮಂದಿ ಬಾಡಿ ಬಿಲ್ಡರು ಹಿಂದಿನಿಂದ ನೂಕಕೋತ ಬಂದ್ರು. ಮುಂದ ನಮ್ಮವ್ವ, 'ಬಂತು ನೋಡ್ರಿ ಗಾಡಿ' ಅಂತ ಮನಿಮನಿ ಬಾಗಲಾ ಬಡಕೋತ ನಡದ್ಲು. ಮನಿ ಮುಂದ ನಿಂದ್ರಿಸಿ ಗಾಡಿಗೆ ಆರತಿ ಮಾಡಿ, ಕೈ ಮುಗದು ಆರೂ ಮಂದಿಗೆ ಅಂದ್ಲು:

'ಉಪವಾಸ ದಣದು ಬಂದೀರಿ, ಒಳಗ ಬರ್ರಿ. ನಿಮಗೆಲ್ಲಾ ಸತ್ಕಾರ ಮಾಡತೀನಿ.'

ಆರೂ ಮಂದಿ ಹೊಸ್ತಿಲದಾಗ ಗಪ್ಪನ ನಿಂತರು. ನಮ್ಮವರು ಶಾಲು ಗಟ್ಟ್ಯಾಗಿ ಹಿಡಕೊಂಡು ಒಂದು ಹೆಜ್ಜಿ ಹಿಂದ ಸರದ್ರು.

'ಅತ್ತಿಯವರ, ಸತ್ಕಾರ ಬ್ಯಾಡ್ರಿ. ಊಟಾ ಹಾಕ್ರಿ.'