ಫುಟ್‌ಪಾತ್ ಕಲ್ಲಿಗೆ ಗುದ್ದಿದವರು

ಪೀಣ್ಯದ ಕಡೆ ರಸ್ತೆಗಳಿಗೆ ಡಾಂಬರು ಬಿದ್ದು, ಅಂಚಿನಲ್ಲಿ ಕಪ್ಪು-ಬಿಳಿ ಬಣ್ಣದ ಕಲ್ಲು ನೆಟ್ಟ ದಿನದಿಂದ ನನಗೆ ಕೆಲಸಕ್ಕೆ ಕೊರತೆ ಅನ್ನೋದೇ ಆಗಲಿಲ್ಲ. ಅದಕ್ಕೆ ಮುಂಚೆ ಗಾಡಿ ಪಕ್ಕಕ್ಕೆ ಜರುಗಿದರೆ ಮಣ್ಣಿಗೆ ಇಳಿಯುತ್ತಿತ್ತು. ಡ್ರೈವರು ಬೈದುಕೊಂಡು ಮೇಲೆ ಹತ್ತಿಸುತ್ತಿದ್ದ, ಅಲ್ಲಿಗೆ ಮುಗಿಯಿತು. ಕಲ್ಲು ಬಂದ ಮೇಲೆ ವಾರಕ್ಕೆ ಒಂದಾದರೂ ಗಾಡಿ ಗುದ್ದಿಕೊಂಡು ಟಿ. ದಾಸರಹಳ್ಳಿಯ ನನ್ನ ರಿಪೇರಿ ಶೆಡ್ಡಿಗೆ ಬರುತ್ತಿತ್ತು.

ಇದು ಎಂಬತ್ತರ ದಶಕದ ಶುರುವಿನ ಮಾತು. ಯಂತ್ರಕ್ಕೆ ಹತ್ತಿಸಿ ಚಕ್ರ ನೋಡುವ ಅನುಕೂಲ ನಮಗಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಜಾಕು, ಒಂದು ಉದ್ದನೆಯ ದಾರ, ಎರಡು ಕೈ. ಚಕ್ರ ಎತ್ತಿ, ಹಿಡಿದು ಅಲ್ಲಾಡಿಸಿದರೆ ಎಲ್ಲಿ ಸಡಿಲ ಅಂತ ತಿಳಿಯುತ್ತಿತ್ತು. ದಾರ ಹಿಡಿದರೆ ಎಲ್ಲಿ ಸೊಟ್ಟ ಅಂತ ತಿಳಿಯುತ್ತಿತ್ತು. ಗಾಡಿಯ ಸಮಾಚಾರ ಹೀಗೆ ಸಲೀಸಾಗಿ ಗೊತ್ತಾಗೋದು. ಗಾಡಿಯಲ್ಲಿ ಬಂದವರದ್ದೇ ಕಷ್ಟ.

ಮನೆಯವರಿಗೆ ಹೇಳಬೇಡಿ

ಸರ್ಕಾರಿ ಕಾರ್ಖಾನೆಯ ಆಫೀಸರೊಬ್ಬರು ಒಂದು ದಿನ ಬೆಳಿಗ್ಗೆ ತಮ್ಮ ಹಳೇ ಅಂಬಾಸಿಡರ್ ತಂದರು. "ಮೇಸ್ತ್ರಿ, ಮುಂದಿನ ಟೈರು ಎರಡೇ ತಿಂಗಳಿಗೆ ಬೋಳಾಗಿದೆ. ಏನಾಗಿದೆ ನೋಡಿ" ಅಂದರು.

"ಎಲ್ಲಾದರೂ ಗುದ್ದಿದ್ರಾ ಸಾರ್?"

ಅವರು ಆ ಕಡೆ ಈ ಕಡೆ ನೋಡಿ ದನಿ ಇಳಿಸಿದರು. "ಕ್ಯಾಂಟೀನ್ ಮುಂದೆ ಕಲ್ಲಿಗೆ ಹೊಡೆದೆ. ಎಡಗಡೆ. ನಮ್ಮನೆಯವರಿಗೆ ಮಾತ್ರ ಹೇಳಬೇಡಿ. ಅವಳಿಗೆ ಡ್ರೈವಿಂಗ್ ಕಲಿಸಿದವನು ನಾನು."

ಜಾಕು ಕೊಟ್ಟು ನೋಡಿದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಎಳೆಯೋ ಕಬ್ಬಿಣದ ರಾಡು, ನಾವು ಟೈ ರಾಡ್ ಅಂತೀವಿ, ಅದು ಎಡಗಡೆ ಬಗ್ಗಿತ್ತು. ಆದರೂ ನನಗೆ ಸಮಾಧಾನ ಆಗಲಿಲ್ಲ. ಒಂದೇ ಕಡೆ ಬಗ್ಗಿದ್ದರೆ ಸ್ಟೀರಿಂಗ್ ಸೊಟ್ಟಗೆ ನಿಲ್ಲಬೇಕು. ಇದು ಗೆರೆ ಹೊಡೆದ ಹಾಗೆ ನೆಟ್ಟಗಿದೆ. ದಾರ ಹಿಡಿದು ನೋಡಿದರೆ ಬಲಗಡೆಯ ರಾಡೂ ಅಷ್ಟೇ ಬಗ್ಗಿದೆ! ಆಫೀಸರು, "ದೇವರಾಣೆಗೂ ನಾನು ಗುದ್ದಿದ್ದು ಎಡಗಡೆ ಮಾತ್ರ ಕಣ್ರೀ" ಅಂತ ಹೇಳಿ ಡ್ಯೂಟಿಗೆ ಹೋದರು.

ಮಧ್ಯಾಹ್ನ ಒಂದು ಆಟೋ ಬಂದು ನಿಂತಿತು. ಅವರ ಶ್ರೀಮತಿ ಇಳಿದು, ಸೆರಗು ಸರಿ ಮಾಡಿಕೊಂಡು, ನೇರವಾಗಿ ನನ್ನ ಹತ್ತಿರ ಬಂದರು.

"ಮೇಸ್ತ್ರಿ, ನಮ್ಮ ಕಾರಿನ ಬಲಗಡೆ ಚಕ್ರ ನೋಡಿದ್ರಾ?"

"ನೋಡಿದೆ ಅಮ್ಮಾ."

"ನಮ್ಮ ಯಜಮಾನರಿಗೆ ಹೇಳಬೇಡಿ. ಅವರೇ ಕಲಿಸಿದ್ದು, ಬೇಜಾರು ಮಾಡ್ಕೋತಾರೆ."

ನಾನು ಇಬ್ಬರಿಗೂ ಮಾತು ಕೊಟ್ಟೆ, ಎರಡೂ ಕಡೆ ರಿಪೇರಿ ಮಾಡಿದೆ. ಸಂಜೆ ದಂಪತಿಗಳು ಒಟ್ಟಿಗೇ ಬಂದರು. "ಏನಾಗಿತ್ತು ಮೇಸ್ತ್ರಿ?" ಅಂತ ಆಫೀಸರು ಜೋರಾಗಿ ಕೇಳಿದರು. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.

"ಏನಿಲ್ಲ ಸಾರ್. ಎಡಗಡೆದು, ಬಲಗಡೆದು ಎರಡೂ ಹೊಂದಿಕೊಂಡು ಹೋಗ್ತಾ ಇತ್ತು. ಅದಕ್ಕೇ ಇಷ್ಟು ದಿನ ಹೊರಗಡೆಯವರಿಗೆ ಗೊತ್ತಾಗಿಲ್ಲ" ಅಂದೆ.

ಬಲಕ್ಕೆ ಮಾತ್ರ

ಒಂದು ಕಾರ್ಖಾನೆಯ ಸಿಬ್ಬಂದಿ ವ್ಯಾನಿನ ಡ್ರೈವರು ಗಾಡಿಯನ್ನ ಕಲ್ಲಿನ ಮೇಲೆ ಹತ್ತಿಸಿದ. ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಚಕ್ರ ಸೊಟ್ಟಗೆ ನಿಲ್ಲೋದಕ್ಕೆ ಶುರುವಾಯಿತು. ಈತ ಬುದ್ಧಿವಂತ. ಸ್ಪ್ಯಾನರ್ ತಗೊಂಡು ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ, ನೆಟ್ಟಗೆ ತಿರುಗಿಸಿ ಮತ್ತೆ ಕೂರಿಸಿಬಿಟ್ಟ. ಗಡಿಯಾರ ಕೆಟ್ಟಿದೆ ಅಂತ ಮುಳ್ಳು ತಿರುಗಿಸಿಕೊಂಡ ಹಾಗೆ! ಕೆಳಗೆ ಬಗ್ಗಿದ್ದು ಬಗ್ಗಿದ ಹಾಗೇ ಇತ್ತು. ಗಾಡಿ ಬಲಕ್ಕೆ ಚೆನ್ನಾಗಿ ತಿರುಗೋದು, ಎಡಕ್ಕೆ ಅರ್ಧಕ್ಕೇ ಕಚ್ಚಿಕೊಳ್ಳೋದು.

ಆತ ಅದಕ್ಕೂ ದಾರಿ ಕಂಡುಕೊಂಡ. ಎಲ್ಲಾ ಕಡೆ ಬಲಕ್ಕೇ ತಿರುಗಿಸಿ ಸುತ್ತು ಹೊಡೆಯೋದು. ಒಂದು ವಾರ ಹೀಗೇ ನಡೆದ ಮೇಲೆ ವ್ಯಾನಿನಲ್ಲಿ ಕೂರುತ್ತಿದ್ದ ಗುಮಾಸ್ತರೊಬ್ಬರು ಡ್ರೈವರನ್ನ ಬಲವಂತದಿಂದ ನನ್ನ ಶೆಡ್ಡಿಗೆ ಕರಕೊಂಡು ಬಂದರು.

"ನೀವ್ಯಾಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೀರಾ ಸಾರ್? ಗಾಡಿ ಕಂಪನಿದಲ್ವಾ?" ಅಂದೆ.

"ಗಾಡಿ ಕಂಪನಿದೇ ಕಣ್ರೀ. ಆದರೆ ನಮ್ಮನೆ ಎಡಗಡೆ ಇದೆ."

ಅರಿಸಿನದ ಬಟ್ಟೆ

ನಾಗಸಂದ್ರದ ಕಡೆಯ ಹಿರಿಯ ರೈತರೊಬ್ಬರು ತರಕಾರಿ ಸಾಗಿಸೋದಕ್ಕೆ ಹಳೇ ಜೀಪು ತಗೊಂಡಿದ್ದರು. ಅದಕ್ಕೆ ಮುಂಚೆ ಎತ್ತಿನಗಾಡಿ ಹೊಡೆದವರು. ಒಂದು ದಿನ ಜೀಪನ್ನು ನಿಧಾನಕ್ಕೆ ತಂದು ನಿಲ್ಲಿಸಿ, "ಕಲ್ಲಿಗೆ ಹೊಡೆದೆ ಕಣಪ್ಪ. ಮುಂದ್ಲ ಎಡಗಾಲು ಕುಂಟ್ತಾ ಐತೆ" ಅಂದರು. ನನಗೆ ಒಳಗೊಳಗೇ ನಗು.

ಗಾಡಿ ಕೆಳಗೆ ಮಲಗಿ ನೋಡಿದರೆ ಒಂದು ರಾಡಿಗೆ ಅರಿಸಿನ ಹಚ್ಚಿದ ಬಟ್ಟೆ ಸುತ್ತಿದೆ! ಎತ್ತಿನ ಕಾಲಿಗೆ ಕಟ್ಟೋ ಹಾಗೆ ಅಚ್ಚುಕಟ್ಟಾಗಿ ಗಂಟು ಹಾಕಿದೆ. ಪಾಪ, ಹಳೇ ಕಾಲದವರು ಅಂದುಕೊಂಡು ಬಟ್ಟೆ ಬಿಚ್ಚಿ ಬಿಸಾಕಿದೆ. ಆಮೇಲೆ ಕ್ರಮವಾಗಿ ಶುರು ಮಾಡಿದೆ. ಚಕ್ರ ಅಲ್ಲಾಡಿಸಿದೆ, ಬೇರಿಂಗ್ ನೋಡಿದೆ, ಸ್ಪ್ರಿಂಗಿನ ಪಟ್ಟಿಗಳನ್ನ ಎಣಿಸಿದೆ, ಸ್ಟೀರಿಂಗಿನ ಡಬ್ಬಿ ತಡವಿದೆ. ಒಂದು ಗಂಟೆ ಒದ್ದಾಡಿ, ಮೈಯೆಲ್ಲಾ ಗ್ರೀಸು ಮಾಡಿಕೊಂಡ ಮೇಲೆ ಬಗ್ಗಿದ ಜಾಗ ಸಿಕ್ಕಿತು. ಅಲ್ಲಿ ಸ್ವಲ್ಪ ಹಳದಿ ಬಣ್ಣ ಉಳಿದಿತ್ತು. ನಾನು ಬಟ್ಟೆ ಬಿಚ್ಚಿದ ಜಾಗವೇ ಅದು.

ಹೊರಗೆ ಬಂದೆ. ಅವರು ಬೀಡಿ ಸೇದಿಕೊಂಡು ಕಲ್ಲಿನ ಮೇಲೆ ಕೂತಿದ್ದರು.

"ಯಜಮಾನರೇ, ಪೆಟ್ಟು ಬಿದ್ದದ್ದು ಅಲ್ಲೇ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

"ನಮ್ಮ ಹುಡ್ಗನ ಕೈಲಿ ಮೆಲ್ಲಕೆ ಓಡ್ಸಿ, ನಾನು ಇಂದ್ಗಡೆ ನಿಂತ್ಕಂಡು ನೋಡ್ದೆ. ಎತ್ತಿಗೂ ಅಂಗೇ ನೋಡಾದು."

"ಸರಿ, ಕಬ್ಬಿಣಕ್ಕೆ ಅರಿಸಿನ ಕಟ್ಟಿದರೆ ವಾಸಿ ಆಗುತ್ತಾ?"

ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ಕಬ್ಬಿಣ ಎಲ್ಲಾದ್ರೂ ಅರಿಸಿನಕ್ಕೆ ವಾಸಿಯಾಗ್ತದೇನಪ್ಪಾ? ನಿಂಗೆ ಬೇಗ ಗುರ್ತು ಸಿಗ್ಲಿ ಅಂತ ಕಟ್ಟಿದ್ದೆ."

ಅವತ್ತಿನಿಂದ ಯಾವ ಗಾಡಿ ಬಂದರೂ ಮೊದಲು ಹಿಂದೆ ನಿಂತು, ಅದು ಹೋಗೋ ನಡಿಗೆ ನೋಡ್ತೀನಿ.

ಕೈ ಬಿಟ್ಟರೂ ನೆಟ್ಟಗೆ

ಒಬ್ಬ ಹುಡುಗಿ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷೆ ಮಾಡೋ ಕೆಲಸದಲ್ಲಿದ್ದಳು. ತಂದೆ ಅಲ್ಲಿಯೇ ಕೆಲಸ ಮಾಡಿ ನಿವೃತ್ತರಾದವರು. ಆಸೆಪಟ್ಟು ಹಳೇ ಕಾರು ತಗೊಂಡ ಸ್ವಲ್ಪ ದಿನಕ್ಕೇ ಅವರಿಗೆ ಕಣ್ಣಿಗೆ ಪೊರೆ ಬಂತು. ಹಾಗಾಗಿ ಮಗಳು ಓಡಿಸೋದು ಕಲಿತು ಲೈಸೆನ್ಸ್ ಮಾಡಿಸಿಕೊಂಡಳು. ಲೈಸೆನ್ಸ್ ಬಂದ ತಿಂಗಳೊಳಗೇ ಕಾರನ್ನು ಕಲ್ಲಿಗೆ ಗುದ್ದಿದಳು. ನೆಂಟರೆಲ್ಲಾ, "ಹೆಣ್ಣುಮಕ್ಕಳಿಗೆ ಯಾಕೆ ಬೇಕಿತ್ತು" ಅಂತ ಶುರು ಹಚ್ಚಿಕೊಂಡರು. ರಿಪೇರಿ ಮಾಡಿಸಿ ಮಾರಿಬಿಡೋಣ ಅಂತ ಅಪ್ಪ ಮಗಳು ನನ್ನ ಹತ್ತಿರ ಬಂದರು.

"ನನ್ನ ಕೈಯಲ್ಲೇ ಏನೋ ತಪ್ಪಿದೆ ಮೇಸ್ತ್ರಿ. ನೆಟ್ಟಗೆ ಹಿಡಿದರೂ ಎಡಕ್ಕೇ ಹೋಗುತ್ತೆ" ಅಂದಳು ಆ ಹುಡುಗಿ. ಕಣ್ಣಲ್ಲಿ ನೀರು ಬಂದಿತ್ತು.

ಚಕ್ರ ಬಿಚ್ಚಿದೆ. ಟೈ ರಾಡ್ ಬಗ್ಗಿತ್ತು. ಆದರೆ ಬಗ್ಗಿದ ಕಡೆ ದಪ್ಪಗೆ ತುಕ್ಕು ಹಿಡಿದಿತ್ತು, ತುಕ್ಕಿನ ಮೇಲೆ ಹಳೇ ಕೆಸರು ಗಟ್ಟಿಯಾಗಿತ್ತು. ಆಕೆಯನ್ನ ಕರೆದು ತೋರಿಸಿದೆ.

"ನೀವು ಗುದ್ದಿದ್ದು ಯಾವಾಗಮ್ಮಾ?"

"ಹೋದ ವಾರ."

"ಇದು ವರ್ಷದ ಹಿಂದಿನ ಪೆಟ್ಟು. ನಿಮಗೆ ಮಾರಿದವರೇ ಗುದ್ದಿದ್ದಾರೆ. ನೀವು ಗುದ್ದಿದ್ದಕ್ಕೆ ಗಾಡಿ ಎಡಕ್ಕೆ ಎಳೆದದ್ದಲ್ಲ, ಗಾಡಿ ಎಡಕ್ಕೆ ಎಳೆದದ್ದಕ್ಕೇ ನೀವು ಗುದ್ದಿದ್ದು."

ಆಕೆ ತುಕ್ಕನ್ನು ಬೆರಳಿಂದ ಉಜ್ಜಿ ನೋಡಿದಳು. ಮುಖದ ಮೇಲಿನ ಭಾರ ಇಳಿದದ್ದು ನನಗೆ ಕಂಡಿತು.

ಎರಡು ದಿನ ಬಿಟ್ಟು ಟ್ರಯಲ್‌ಗೆ ಬಂದರು. ತಂದೆ ಕಪ್ಪು ಕನ್ನಡಕ ಹಾಕಿಕೊಂಡು ಶೆಡ್ಡಿನ ಬೆಂಚಿನ ಮೇಲೆ ಕೂತರು. ನಾನು ಸ್ಟೀರಿಂಗ್ ಹಿಡಿದೆ, ಆಕೆ ಪಕ್ಕದಲ್ಲಿ ಕೂತಳು. ಪೀಣ್ಯದ ಒಳಗಿನ ಖಾಲಿ ರಸ್ತೆಗೆ ಹೋದೆವು. ಆಕೆಗೆ ಪೂರ್ತಿ ಧೈರ್ಯ ಬರಲಿ ಅಂತ ನನಗೆ ಹುಮ್ಮಸ್ಸು.

"ನೋಡಿ ಅಮ್ಮಾ, ಈಗ ಹೆಂಗೆ ಹೋಗುತ್ತೆ" ಅಂತ ಎರಡೂ ಕೈ ಎತ್ತಿಬಿಟ್ಟೆ. ಗಾಡಿ ಒಂದು ಕೂದಲೆಳೆಯಷ್ಟೂ ಆ ಕಡೆ ಈ ಕಡೆ ಹೋಗಲಿಲ್ಲ. ನಾನು ಆಕೆಯ ಕಡೆ ತಿರುಗಿ, ದಾರ ಹಿಡಿದು ಹೇಗೆ ಅಳತೆ ನೋಡಿದೆ ಅಂತ ವಿವರಿಸೋದಕ್ಕೆ ಶುರು ಮಾಡಿದೆ.

"ಮೇಸ್ತ್ರಿ..."

"ತಡೀರಿ, ಇನ್ನೂ ನೋಡಿ."

"ಮೇಸ್ತ್ರಿ, ರಸ್ತೆ!"

ಗಾಡಿ ನೆಟ್ಟಗೇ ಹೋಯಿತು. ರಸ್ತೆ ಬಲಕ್ಕೆ ತಿರುಗಿತ್ತು. ನಾನು ಬ್ರೇಕ್ ಒತ್ತುವಷ್ಟರಲ್ಲಿ ಮುಂದಿನ ಎಡಚಕ್ರ ಕಲ್ಲಿಗೆ ಧಡ್ ಅಂತ ಹೊಡೆದು ನಿಂತಿತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದಲ್ಲಿ ನೋಡಿದರೆ ಆ ಹುಡುಗಿ ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದಾಳೆ. ನಗು ತಡೆಯೋದಕ್ಕಾಗದೆ ಡ್ಯಾಶ್‌ಬೋರ್ಡಿನ ಮೇಲೆ ತಲೆಯಿಟ್ಟಳು. ನಾನು ಇಳಿದು ಚಕ್ರ ಅಲ್ಲಾಡಿಸಿದೆ. ಏನೂ ಸಡಿಲವಾಗಿರಲಿಲ್ಲ, ರಾಡು ಮಾತ್ರ ಚೂರು ಬಗ್ಗಿತ್ತು. ನಿಧಾನಕ್ಕೆ ಶೆಡ್ಡಿನವರೆಗೆ ಹೋಗಬಹುದು. ಎದ್ದು ನೋಡಿದರೆ ಆಕೆ ಆಗಲೇ ಸ್ಟೀರಿಂಗ್ ಮುಂದೆ ಕೂತಿದ್ದಾಳೆ.

"ಆ ಕಡೆ ಹತ್ತಿ ಮೇಸ್ತ್ರಿ. ಎಡಕ್ಕೆ ಎಳೆಯೋ ಗಾಡಿ ಓಡಿಸಿ ನಿಮಗೆ ಅಭ್ಯಾಸ ಇಲ್ಲ, ನನಗೆ ಇದೆ."

ನಾನು ಆ ಕಡೆ ಹತ್ತಿ ಕೂತೆ. ಎದುರಿಗೆ ಲಾರಿ ಬಂತು, ಸೈಕಲ್ಲುಗಳ ಹಿಂಡು ಬಂತು, ಆಕೆ ಗಾಡಿಯನ್ನ ನೆಟ್ಟಗೇ ನಡೆಸಿದಳು. ಶೆಡ್ಡಿನ ಬಾಗಿಲಿಗೆ ಅಚ್ಚುಕಟ್ಟಾಗಿ ತಂದು ನಿಲ್ಲಿಸಿದಳು.

ಗಾಡಿಯ ಶಬ್ದ ಕೇಳಿ ತಂದೆ ಎದ್ದು ಬಂದರು. "ಏನಮ್ಮಾ ಇಷ್ಟು ಹೊತ್ತು? ಎಲ್ಲಾ ಸರಿಯಾಯ್ತಾ?"

ನಾನು ತೊದಲುತ್ತಾ ಏನೋ ಹೇಳೋದಕ್ಕೆ ಹೋದೆ. ಅಷ್ಟರಲ್ಲಿ ಮಗಳೇ ಹೇಳಿದಳು:

"ಕಾರು ಮಾರೋದು ಬೇಡಪ್ಪ, ಚೆನ್ನಾಗಿದೆ. ಮೇಸ್ತ್ರಿಗೇ ಇನ್ನೂ ಸ್ವಲ್ಪ ಪ್ರಾಕ್ಟೀಸ್ ಬೇಕು."