ಉಪಗ್ರಹದ ಮೇಷ್ಟ್ರಿಗೆ ಎದ್ದು ನಿಂತವರು

ಯಾವ ಸುದ್ದಿಗೂ ಕಾರಣ ಕೊಡಬೇಕೆಂಬುದು ನಮ್ಮ ವೃತ್ತಿಯ ನಿಯಮ. ಸಿಗದಿದ್ದರೆ ‘ಜಾಗೃತಿಯ ಕೊರತೆ’ ಎಂದು ಬರೆದು ಊಟಕ್ಕೆ ಹೋಗುತ್ತೇವೆ. ಚರಂಡಿ ಕಟ್ಟಿಕೊಂಡಾಗಲೂ, ತೆಂಗಿಗೆ ನುಸಿ ಬಿದ್ದಾಗಲೂ ನಾನು ಬರೆದದ್ದು ಅದನ್ನೇ. ತಿಪಟೂರಿನ ಶಿಕ್ಷಕರ ತರಬೇತಿ ಕಾಲೇಜೊಂದಕ್ಕೆ ಉಪಗ್ರಹ ಪಾಠ ಬಂದ ವರ್ಷವೂ ಅದನ್ನೇ ಬರೆಯುವವನಿದ್ದೆ. ಬೆಂಗಳೂರಿನ ಮೇಷ್ಟ್ರು ಟಿವಿಯಲ್ಲಿ ಪಾಠ ಹೇಳುತ್ತಿದ್ದರು; ಇಲ್ಲಿಂದ ಪ್ರಶ್ನೆ ಕೇಳಲು ಒಂದು ಕ್ಯಾಮೆರಾ ಇತ್ತು. ಯಾರೂ ಕೇಳುತ್ತಿರಲಿಲ್ಲ. ಹೀಗೇ ಆದರೆ ಉಪಕರಣವನ್ನು ಬೇರೆ ಊರಿಗೆ ಸಾಗಿಸುತ್ತೇವೆಂದು ಮೇಲಿನವರು ಹೇಳಿದ್ದರು. ಓಡಾಡಿ ಅದನ್ನು ತರಿಸಿದ್ದ ಪ್ರಾಂಶುಪಾಲೆ ನಾಗರತ್ನ ಮೇಡಂ ನನ್ನನ್ನು ಕರೆಸಿದರು. “ನೀವಾದ್ರೂ ಮಾತಾಡ್ಸಿ ನೋಡ್ರಿ. ಇದೂ ಹೋದ್ರೆ ಈ ಮಕ್ಳಿಗೆ ಇಂಥ ಪಾಠ ಇನ್ನೆಲ್ಲಿ ಸಿಗ್ತದೆ?”

ಹುಳಿಯಾರಿನಿಂದ ಓದಲು ಬಂದಿದ್ದ ರಂಗನಾಥನನ್ನು ವಿಚಾರಿಸಿದೆ. ಅವನು ಬಾಯಿ ಬಿಡುವ ಮೊದಲೇ ಪಕ್ಕದವನು, “ಇವ್ನ್ ಮುಖ ನೋಡಿದ್ರೆ ಉಪಗ್ರಹ ಕೆಳಕ್ಕೆ ಬೀಳ್ತದೆ ಕಣ್ರೀ” ಎಂದ. ತಂತ್ರಜ್ಞಾನದ ಭಯ ಎಂದು ಮನಸ್ಸಿನಲ್ಲೇ ಶೀರ್ಷಿಕೆ ಹಾಕಿಕೊಂಡೆ. ಆದರೂ ಕಣ್ಣಾರೆ ನೋಡೋಣವೆಂದು ಅಂದಿನ ಪಾಠಕ್ಕೆ ಕೂತು, ಏನಾದರೂ ಕೇಳಪ್ಪಾ ಎಂದು ಅವನನ್ನೇ ಹುರಿದುಂಬಿಸಿದೆ. ಅವನು ಎದ್ದು ಕೈಕಟ್ಟಿ ನಿಂತ. “ನನಗೆ ನಿಮ್ಮ ಬೆಲ್ಟ್ ಮಾತ್ರ ಕಾಣ್ತಿದೆ. ಕೂತ್ಕೊಂಡು ಕೇಳಿ” ಎಂದರು ಟಿವಿಯ ಮೇಷ್ಟ್ರು. ರಂಗನಾಥ ಕೂತ. ಅವನ ಜೊತೆಗೆ ಪ್ರಶ್ನೆಯೂ ಕೂತಿತು. “ಏನಿಲ್ಲ ಸಾರ್” ಎಂದುಬಿಟ್ಟ.

“ಮೊದಲ್ನೇ ದಿನಾನೂ ಹಿಂಗೇ ಆಯ್ತು” ಎಂದಳು ಟೈಲರ್ ಮಗಳು ಶಬಾನಾ. “ಕೂತ್ಕೊಂಡು ಮೇಷ್ಟ್ರನ್ನ ಕೇಳೋಕೆ ಬಾಯೇ ಬರಲ್ಲ ಸಾರ್. ನಿಂತ್ರೆ ಕ್ಯಾಮೆರಾಕ್ಕೆ ಮುಖ ಸಿಗಲ್ಲ.”

ಮೇಡಂ ಕ್ಯಾಮೆರಾವನ್ನು ಸ್ಟ್ಯಾಂಡಿನ ಸಮೇತ ಮೇಜಿನ ಮೇಲೆ ಇಡಿಸಿದರು. ಶಬಾನಾ ಎದ್ದಳು. “ಸಾರ್, ಅರ್ಧ, ಕಾಲು ಅಂತ ಕೊಬ್ಬರಿ ಹೋಳಲ್ಲಿ ಹೇಳ್ಕೊಡ್ತೀನಿ. ಲೆಕ್ಕ ಮುಗಿಯೋದ್ರೊಳಗೆ ಮಕ್ಳು ತಿಂದುಬಿಡ್ತಾವೆ. ಏನ್ ಮಾಡ್ಲಿ?” ಮೇಷ್ಟ್ರು ನಕ್ಕರು, ಆಮೇಲೆ ಉತ್ತರಿಸಿದರು. ಪಾಠದ ಹೊತ್ತು ಮುಗಿದರೂ ಎದ್ದು ನಿಂತವರ ಸಾಲು ಮುಗಿಯಲಿಲ್ಲ. ಕೊನೆಗೆ ಆ ಮೇಷ್ಟ್ರೇ, ಉಪಕರಣ ತಿಪಟೂರಿನಲ್ಲೇ ಇರಲೆಂದು ಮೇಲಿನವರಿಗೆ ತಾವು ಬರೆಯುವುದಾಗಿ ಹೇಳಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಅವರ ಕೋಣೆಯ ಫೋನಿನಿಂದಲೇ ಸಂಪಾದಕರಿಗೆ ಸುದ್ದಿ ಹೇಳತೊಡಗಿದೆ. “ಎದುರಿಗಿಲ್ಲದವರಿಗೂ ಎದ್ದು ನಿಲ್ತಾರೆ ಸಾರ್, ಎಂಥ ಜನ ನೋಡಿ” ಎಂದು ನಗುತ್ತಿದ್ದಾಗ ಮೇಡಂ ಕುರ್ಚಿಯನ್ನು ನನ್ನತ್ತ ತಳ್ಳಿ, “ಕೂತ್ಕೊಂಡ್ ಮಾತಾಡ್ರಿ” ಎಂದರು. ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದೆ: “ಬೇಡ ಮೇಡಂ, ಸಂಪಾದಕರು ಲೈನಲ್ಲಿದ್ದಾರೆ.”